ಹಳೇ ಬಾರ್ನ್ ಕಾಟೇಜಿನ ತೊಲೇಲಿ ಖಾಲಿ ತೂತುಗಳು ಯಾಕಿರ್ತವೆ?

ತೊಲೆಕಂಬ:
ಎಲ್ರಿಗೂ ನಮಸ್ಕಾರ. ಹೋದ ತಿಂಗಳು ಇಂಗ್ಲೆಂಡಿನ ಎಸೆಕ್ಸ್ ಕಡೆ ಒಂದು ಹಳೇ ಬಾರ್ನ್‌ನಲ್ಲಿ ನಾಲ್ಕು ದಿನ ಇದ್ವಿ, ಅಂದ್ರೆ ಹಿಂದೆ ಫಸಲು ತುಂಬಿಡ್ತಿದ್ದ ಮರದ ಕಟ್ಟಡ, ಈಗ ಅದನ್ನ ಮೂರು ಕಾಟೇಜ್ ಮಾಡಿದ್ದಾರೆ. ಮಹಡಿ ಮೇಲಿನ ಬೆಡ್‌ರೂಮಲ್ಲಿ ಒಂದು ದಪ್ಪ ಓಕ್ ತೊಲೆ ಎದೆಯೆತ್ತರಕ್ಕೆ ಗೋಡೆಯಿಂದ ಗೋಡೆಗೆ ಅಡ್ಡ ಹೋಗಿದೆ, ಬಾಗಿಲು ಬರೋ ಕಡೆ ಮಾತ್ರ ಕತ್ತರಿಸಿಬಿಟ್ಟಿದ್ದಾರೆ. ತೊಲೆಯ ಅಡಿಯಲ್ಲಿ ಅಂಗೈಯುದ್ದದ ಖಾಲಿ ತೂತು, ಪಕ್ಕದಲ್ಲಿ ಉಳಿಯಲ್ಲಿ ಹೊಡೆದ ಮೂರು ಗೀರು. ಓನರ್ ಇದು ಹಳೇ ಹಡಗು ಒಡೆದು ತಂದ ಮರ ಅಂದ್ರು. ನಿಜಾನಾ? ಬಂದಾಗಿಂದ ಅದೇ ತಲೇಲಿದೆ.

ಉಳಿಸುತ್ತಿಗೆ:
ಹಡಗಿನ ಕತೆ ಅಲ್ಲಿ ಎಷ್ಟೋ ಹಳೇ ಮನೆಗಳಲ್ಲಿ ಹೇಳ್ತಾರೆ, ಆದ್ರೆ ನಿಜ ಇರೋದು ತೀರಾ ಅಪರೂಪ. ಆ ಗೀರುಗಳು ಬಡಗಿಗಳ ನಂಬರ್. ಓಕ್ ಮರಾನ ಹಸಿಯಾಗಿರುವಾಗಲೇ ಕೆತ್ತಿ, ಇಡೀ ಚೌಕಟ್ಟನ್ನ ನೆಲದ ಮೇಲೆ ಜೋಡಿಸಿ ನೋಡಿ, ಯಾವುದು ಯಾವುದಕ್ಕೆ ಸೇರುತ್ತೆ ಅಂತ ಎರಡೂ ಮರದ ಮೇಲೆ ಒಂದೇ ನಂಬರ್ ಹೊಡೆದು, ಆಮೇಲೆ ಬಿಚ್ಚಿ ಜಾಗಕ್ಕೆ ಒಯ್ದು ನಿಲ್ಲಿಸ್ತಿದ್ರು. ಉಳಿಗೆ ನೇರ ಗೀರು ಸುಲಭ, ಅದಕ್ಕೇ ರೋಮನ್ ಅಂಕಿ, ನಾಲ್ಕಕ್ಕೂ ಎಷ್ಟೋ ಕಡೆ ನಾಲ್ಕು ಗೀರೇ. ಮೊಳೆ ಇಲ್ಲ, ಒಂದು ಮರದ ತುದೀನ ನಾಲಿಗೆ ಥರ ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿ ಓಕ್ ಗೂಟ ಬಡೀತಿದ್ರು. ಎರಡು ಮರದ ಗೂಟದ ತೂತು ಬೇಕಂತಲೇ ಕೂದಲೆಳೆಯಷ್ಟು ಆಚೀಚೆ ಕೊರೀತಿದ್ರು, ಗೂಟ ಒಳಗೆ ಹೋದಂಗೆ ಜೋಡಣೆ ಬಿಗಿದುಕೊಳ್ಳುತ್ತೆ.

ಖಾಲಿ ತೂತು ಅಂದ್ರೆ ಅಲ್ಲಿದ್ದ ಮರ ತೆಗೆದಿದ್ದಾರೆ, ಇಲ್ಲಾ ಆ ತೊಲೇನೇ ಬೇರೆ ಕಟ್ಟಡದಿಂದ ಬಂದಿದೆ. ತೂತಿನ ಒಂದು ತುದಿ ಇಳಿಜಾರಾಗಿದ್ರೆ ಓರೆಯಾಗಿ ಕೊಡೋ ಆಸರೆ ಮರದ್ದು. ಹಂಗಿದ್ರೆ ಅದೇ ಕಡೆ ಕಂಬದಲ್ಲೂ ಜೊತೆ ತೂತು ಇರ್ಬೇಕು, ಫೋಟೋ ಇದ್ರೆ ನೋಡಿ.

ಕಣದಂಗಳ:
ನನಗೆ ಬೇಜಾರಾಗೋದು ಆ ಕತ್ತರಿಸಿದ ತೊಲೆ. ಮಾಡು ತನ್ನ ಭಾರಕ್ಕೆ ಗೋಡೆಗಳನ್ನ ಹೊರಗೆ ತಳ್ಳುತ್ತೆ, ಎದುರುಬದುರು ಕಂಬಗಳನ್ನ ಹಿಡಿದಿಟ್ಟಿರೋದೇ ಆ ಅಡ್ಡತೊಲೆ. ಬಾರ್ನ್‌ಗೆ ಮಹಡಿ ಇರ್ತಿರಲಿಲ್ಲ, ಕೆಳಗಿಂದ ಮಾಡಿನವರೆಗೆ ಒಂದೇ ಬಯಲು. ನಡುವೆ ಕಣ, ಅದರ ಎರಡೂ ಕಡೆ ಎದುರೆದುರು ದೊಡ್ಡ ಬಾಗಿಲು, ಗಾಡಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗೋದು, ಒಕ್ಕಿದ ಮೇಲೆ ಎರಡೂ ಬಾಗಿಲು ತೆಗೆದ್ರೆ ಬೀಸೋ ಗಾಳಿಗೆ ತೂರ್ತಿದ್ರು, ಹೊಟ್ಟು ಹಾರಿಹೋಗೋದು. ಮಹಡಿ ಹಾಕಿದಾಗ ತಲೆ ಮೇಲಿದ್ದ ತೊಲೆ ಎದೆಗೆ ಬಂತು, ಓಡಾಡಕ್ಕೆ ಅಡ್ಡ ಅಂತ ಕತ್ತರಿಸಿದ್ರು. ಕತ್ತರಿಸಿದ ತೊಲೆಗೆ ಬದಲಾಗಿ ಬಾಗಿಲ ಸುತ್ತ ಕಬ್ಬಿಣದ ಚೌಕಟ್ಟೋ ಪಟ್ಟಿಯೋ ಇತ್ತಾ?

ಮುಂದಿನ ಸಲ ಹೋದ್ರೆ ಲಂಡನ್ ಪಶ್ಚಿಮಕ್ಕೆ ಹಾರ್ಮಂಡ್ಸ್‌ವರ್ತ್ ಬಾರ್ನ್ ನೋಡಿ, 15ನೇ ಶತಮಾನದ್ದು, ಹತ್ತಿರ ಹತ್ತಿರ 60 ಮೀಟರ್ ಉದ್ದ, ಒಳಗೆ ಏನೂ ಅಡ್ಡ ಕಟ್ಟಿಲ್ಲ. ಎಸೆಕ್ಸಲ್ಲೇ ಕ್ರೆಸಿಂಗ್ ಟೆಂಪಲ್ ಅನ್ನೋ ಜಾಗದಲ್ಲಿ 13ನೇ ಶತಮಾನದ ಎರಡು ಬಾರ್ನ್ ಇವೆ. ಒಳಗೆ ನಿಂತ್ರೇ ಗೊತ್ತಾಗೋದು ಏನು ಹೋಯ್ತು ಅಂತ.

ಸುಣ್ಣದಗಾರೆ:
ನಾನು ಅಲ್ಲೇ ಹಳೇ ಕಟ್ಟಡ ರಿಪೇರಿ ಕೆಲಸ ಮಾಡೋದು. ಈಗಾದ್ರೆ ಲಿಸ್ಟೆಡ್ ಕಟ್ಟಡದ, ಅಂದ್ರೆ ಸರ್ಕಾರ ಪಟ್ಟಿ ಮಾಡಿ ಕಾಪಾಡೋ ಹಳೇ ಕಟ್ಟಡದ ತೊಲೆ ಹಂಗೆ ಕತ್ತರಿಸಂಗಿಲ್ಲ, 1990ರ ಕಾಯ್ದೆ ಪ್ರಕಾರ ಮೊದಲು ಒಪ್ಪಿಗೆ ಬೇಕು, ಇಲ್ದೇ ಮಾಡಿದ್ರೆ ಅಪರಾಧ. ತೊಲೆಗಿಂತ ದೊಡ್ಡ ಶತ್ರು ಸಿಮೆಂಟು. ಒಂದು ಕಡೆ ಗೋಡೆ ಮೇಲಿನ ಸಿಮೆಂಟ್ ಗಾರೆ ಎಬ್ಬಿಸಿದ್ವಿ, ಒಳಗಿನ ಅಡಿತೊಲೆ ಒದ್ದೆ ಕೇಕ್ ಥರ, ಸ್ಕ್ರೂಡ್ರೈವರ್ ಹಿಡಿವರೆಗೂ ಒಳಗೋಯ್ತು. ಸುಣ್ಣದ ಗಾರೆ ಆಗಿದ್ರೆ ಒಳಗೆ ಸೇರಿದ ನೀರು ಆರಿಹೋಗ್ತಿತ್ತು, ಸಿಮೆಂಟ್ ಬಿಡಲ್ಲ, ಮರದ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೆ.

ತೊಲೆಕಂಬ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಫೋಟೋ ಎಲ್ಲಾ ಝೂಮ್ ಮಾಡಿ ನೋಡ್ದೆ. ತೂತಿನ ಒಂದು ತುದಿ ಇಳಿಜಾರೇ ಇದೆ ಸರ್, ಕಂಬದಲ್ಲಿ ನೆಲದಿಂದ ಗೇಣುದ್ದ ಮೇಲೆ ಇನ್ನೊಂದು ತೂತು, ಅದರ ಪಕ್ಕದಲ್ಲೂ ಮೂರು ಗೀರು! ಬಾಗಿಲ ಮೂಲೇಲಿ ಬಣ್ಣ ಬಳಿದ ಕಬ್ಬಿಣದ ಪಟ್ಟಿ ಬೋಲ್ಟ್ ಹಾಕಿರೋದೂ ಕಾಣುತ್ತೆ, ಅಲ್ಲಿದ್ದಾಗ ಅದಕ್ಕೇ ಟವಲ್ ನೇತಾಕ್ತಿದ್ವಿ.