32 ಬಿಟ್ ನೆಟ್‌ಬುಕ್‌ನಲ್ಲಿ ಡೆಬಿಯನ್ 13 ಬೂಟ್ ಆಗುತ್ತಿಲ್ಲ, ಬೇರೆ ದಾರಿ ಇದೆಯಾ?

ಸಾಗರದವಳು

ಎಲ್ಲರಿಗೂ ನಮಸ್ಕಾರ. ಅಪ್ಪನ ಹತ್ತಿರ 2009ರಲ್ಲಿ ತೆಗೆದುಕೊಂಡ ಒಂದು ಪುಟ್ಟ ನೆಟ್‌ಬುಕ್ ಇದೆ. ಇಂಟೆಲ್ ಆಟಮ್ ಎನ್270, 1 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಇಷ್ಟು ವರ್ಷ ವಿಂಡೋಸ್ ಎಕ್ಸ್‌ಪಿಯಲ್ಲೇ ನಡೆಯಿತು, ಈಗ ಅದೂ ಕೈಕೊಟ್ಟಿದೆ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ರಿಟೈರ್ ಆದ ಮೇಲೆ ನಮ್ಮ ಕಡೆಯ ಕೆರೆಗಳ ಬಗ್ಗೆ ಬರೆದಿಡುತ್ತಿದ್ದಾರೆ. ಟೈಪ್ ಮಾಡುವುದು ನುಡಿ ತಂತ್ರಾಂಶದಲ್ಲಿ. ಹೊಸದು ಕೊಡಿಸುತ್ತೇನೆ ಅಂದರೆ, "ಬೆರಳಿಗೆ ಇದೇ ಒಗ್ಗಿದೆ, ಇದನ್ನೇ ಸರಿ ಮಾಡಿಕೊಡು ಮಗಾ" ಅನ್ನುತ್ತಾರೆ. ಅಂಗಡಿಯವರು ಗುಜರಿಗೆ ಹಾಕಿ ಅಂದರು.

ಡೆಬಿಯನ್ ಅನ್ನುವ ಉಚಿತ ಲಿನಕ್ಸ್‌ನ 13ನೇ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಮಾಡಿದೆ. ಮೆನು ಬಂತು. ಎಂಟರ್ ಒತ್ತಿದರೆ ಕಪ್ಪು ಪರದೆ, ಅದರಲ್ಲಿ ಒಂದೆರಡು ಸಾಲು: ಈ ಕರ್ನಲ್‌ಗೆ (ಸಿಸ್ಟಂನ ತಿರುಳಿಗೆ) ಎಕ್ಸ್86-64, ಅಂದರೆ 64 ಬಿಟ್ ಸಿಪಿಯು ಬೇಕು, ಸಿಕ್ಕಿದ್ದು 32 ಬಿಟ್‌ನ ಐ686 ಮಾತ್ರ ಅಂತ. ಅಲ್ಲಿಗೇ ನಿಂತುಹೋಯಿತು. ಸೈಟ್‌ನಲ್ಲಿ 32 ಬಿಟ್ ಇನ್‌ಸ್ಟಾಲರ್ ಹುಡುಕಿದರೆ ಸಿಗಲಿಲ್ಲ. ನಾನು ಸರಿಯಾಗಿ ಹುಡುಕಿಲ್ಲವಾ, ನಿಜವಾಗಿಯೂ ಇಲ್ಲವಾ?

ಕರ್ನಲ್ ಕಟ್ಟೆ

ನಿಜವಾಗಿಯೂ ಇಲ್ಲ. ಎನ್270 ಅಪ್ಪಟ 32 ಬಿಟ್ ಚಿಪ್. ಡೆಬಿಯನ್ 13 ಬಂದಿದ್ದು 2025ರ ಆಗಸ್ಟ್ 9ಕ್ಕೆ. ಆ ಆವೃತ್ತಿಯಿಂದ ಐ386ಗೆ, ಅಂದರೆ 32 ಬಿಟ್ ಮೆಷಿನ್‌ಗಳಿಗೆ, ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ ಕೂಡ ಇಲ್ಲ. ಐ386 ಪ್ಯಾಕೇಜ್‌ಗಳು ಇನ್ನೂ ಕಾಣುತ್ತವೆ, ಅದನ್ನು ನೋಡಿ ಸುಮಾರು ಜನ ಮೋಸ ಹೋಗುತ್ತಾರೆ. ಅವು ಇರುವುದು 64 ಬಿಟ್ ಮೆಷಿನ್‌ನಲ್ಲಿ ಹಳೆಯ 32 ಬಿಟ್ ಪ್ರೋಗ್ರಾಂ ಓಡಿಸುವುದಕ್ಕೆ.

ನೀವು ಡೆಬಿಯನ್ 12ರ ಐ386 ಇನ್‌ಸ್ಟಾಲರ್ ತೆಗೆದುಕೊಳ್ಳಿ. 2023ರ ಜೂನ್‌ನಲ್ಲಿ ಬಂದಿದ್ದು, ಹಳೆಯ ಬಿಡುಗಡೆಗಳ ಆರ್ಕೈವ್‌ನಲ್ಲಿ ಸಿಗುತ್ತದೆ. ಹಳೆಯ ಆವೃತ್ತಿಗಳನ್ನು ನೋಡಿಕೊಳ್ಳುವ ಎಲ್‌ಟಿಎಸ್ ತಂಡದವರು ಡೆಬಿಯನ್ 12ಕ್ಕೆ 2028ರ ಜೂನ್ 30ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ. ಡೆಸ್ಕ್‌ಟಾಪ್ ಆಯ್ಕೆ ಬಂದಾಗ ಭಾರವಾದ ಗ್ನೋಮ್‌ಗೆ ಇರುವ ಟಿಕ್ ತೆಗೆದು ಹಗುರವಾದ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಡಿಇ ಹಾಕಿ. ಇದನ್ನು ಮರೆತರೆ 1 ಜಿಬಿ ರ‍್ಯಾಮ್‌ನಲ್ಲಿ ಮೌಸ್ ಕೂಡ ತೆವಳುತ್ತದೆ.

ರ‍್ಯಾಮ್ 2 ಜಿಬಿ ಮಾಡಿಸಿ. ಆ ಚಿಪ್‌ಸೆಟ್‌ಗೆ ಅದೇ ಮಿತಿ, ಅದಕ್ಕಿಂತ ಜಾಸ್ತಿ ಹಾಕಿದರೆ ಉಪಯೋಗವಿಲ್ಲ. ಹಳೆಯ ಡಿಡಿಆರ್2 ಲ್ಯಾಪ್‌ಟಾಪ್ ರ‍್ಯಾಮ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಬರೆಯುವ ಕೆಲಸಕ್ಕೆ ಧಾರಾಳ ಸಾಕು, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಕಷ್ಟ. ಇದನ್ನು ಅಪ್ಪನಿಗೆ ಮೊದಲೇ ಹೇಳಿಬಿಡಿ.

ಧಾರವಾಡ_ದಾಸ

ಹಾಕುವ ಮುಂಚೆ ವೈಫೈ ಚಿಪ್ ಯಾವುದು ನೋಡಿಕೊಳ್ಳಿರಿ. ಆ ಕಾಲದ ನೆಟ್‌ಬುಕ್‌ಗಳಲ್ಲಿ ಎಲ್ಲಾ ಸಿಕ್ಕಿಬೀಳುವುದು ಅಲ್ಲೇ. ಅಥೆರೋಸ್ ಚಿಪ್ ಇದ್ದು ಎಟಿಎಚ್5ಕೆ ಅಥವಾ ಎಟಿಎಚ್9ಕೆ ಡ್ರೈವರ್ ಹಿಡಿಯುವಂಥದ್ದಾದರೆ ಪುಣ್ಯ, ಚಿಪ್ ಒಳಗೆ ಓಡುವ ಫರ್ಮ್‌ವೇರ್ ಫೈಲೇ ಬೇಡ, ತಾನಾಗಿ ನಡೆಯುತ್ತದೆ. ಬ್ರಾಡ್‌ಕಾಮ್ ಇದ್ದರೆ ಸ್ವಲ್ಪ ಓಡಾಟ ಇದೆ.

ಡೆಬಿಯನ್‌ನವರು 2022ರಲ್ಲಿ ಓಟು ಹಾಕಿ, ಫ್ರೀ ಅಲ್ಲದ ಫರ್ಮ್‌ವೇರನ್ನೂ ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಕೊಡೋಣ ಅಂತ ತೀರ್ಮಾನ ಮಾಡಿದರು. ಒಳ್ಳೆಯ ಕೆಲಸ, ಎಷ್ಟೋ ಮೆಷಿನ್ ಅದರಿಂದ ಸಲೀಸಾಯಿತು. ಆದರೆ ಹಳೆಯ ಬ್ರಾಡ್‌ಕಾಮ್ ಫರ್ಮ್‌ವೇರ್ ಹಂಚಲು ಅನುಮತಿಯೇ ಇಲ್ಲ, ಹಾಗಾಗಿ ಅದು ಇನ್‌ಸ್ಟಾಲರ್ ಒಳಗೆ ಬರುವುದಿಲ್ಲ, ನಾವೇ ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ವೈಫೈ ಬೇಕಾದರೆ ಮೊದಲು ನೆಟ್ ಬೇಕು ಅನ್ನುವ ಫಜೀತಿ! ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ, ಅಷ್ಟೇ.

ಸಾಗರದವಳು

ನೋಡಿದೆ, ಬ್ರಾಡ್‌ಕಾಮ್ ಬಿಸಿಎಂ4312. ಪಟ್ಟಿಯಲ್ಲಿ ಕೊನೆಯ ನಾಲ್ಕು ಅಂಕಿ 4315 ಅಂತ ಇದೆ.

ಧಾರವಾಡ_ದಾಸ

ಹಾಗಾದರೆ ಎಲ್‌ಪಿ-ಫೈ ಚಿಪ್. ಪ್ಯಾಕೇಜ್ ಪಟ್ಟಿಯಲ್ಲಿ ಕಾಂಟ್ರಿಬ್ ವಿಭಾಗ ಆನ್ ಮಾಡಿ, ಬಿ43 ಫರ್ಮ್‌ವೇರ್ ಇನ್‌ಸ್ಟಾಲರ್‌ಗಳಲ್ಲಿ ಎಲ್‌ಪಿ-ಫೈ ಅಂತ ಹೆಸರಿರುವುದನ್ನು ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ. ನನ್ನ ತಂಗಿಯ ಹಳೆಯ ಮೆಷಿನ್ ಇದೇ ಚಿಪ್‌ನಲ್ಲಿ ಇನ್ನೂ ನಡೆಯುತ್ತಿದೆ.

ಬಿಎಸ್‌ಡಿ_ಬಂಧು

ಒಂದು ಮಾತು. ಡೆಬಿಯನ್ 13ರ ಬಿಡುಗಡೆ ಟಿಪ್ಪಣಿಯಲ್ಲೇ ಬರೆದಿದ್ದಾರೆ: ಐ386 ಮೆಷಿನ್ ಇರುವವರು 13ಕ್ಕೆ ಅಪ್‌ಗ್ರೇಡ್ ಮಾಡಬೇಡಿ, ಸಾಧ್ಯವಾದರೆ 64 ಬಿಟ್‌ಗೆ ಹೋಗಿ, ಇಲ್ಲವಾದರೆ ಆ ಮೆಷಿನ್‌ಗೆ ವಿಶ್ರಾಂತಿ ಕೊಡಿ ಅಂತ. ಬೇರೆ ಲಿನಕ್ಸ್‌ಗಳಲ್ಲಿ ಫೆಡೋರಾ 2019ರಲ್ಲೇ, ಆರ್ಚ್ 2017ರಲ್ಲೇ 32 ಬಿಟ್ ಬಿಟ್ಟವು. ಲಿನಕ್ಸ್ ಅಲ್ಲದ ಇನ್ನೊಂದು ಉಚಿತ ಸಿಸ್ಟಂ ಓಪನ್‌ಬಿಎಸ್‌ಡಿ ಮಾತ್ರ ಆರು ತಿಂಗಳಿಗೊಮ್ಮೆ ಬರುವ ಬಿಡುಗಡೆಯಲ್ಲಿ ಐ386 ಕೊಡುತ್ತಲೇ ಬಂದಿದೆ. ಅದನ್ನು ಯಾಕೆ ನೋಡಬಾರದು?

ಕರ್ನಲ್ ಕಟ್ಟೆ

ನಾನೂ ಓಪನ್‌ಬಿಎಸ್‌ಡಿ ಬಳಸುತ್ತೇನೆ, ಇಷ್ಟ ಕೂಡ. ಆದರೆ ಇಲ್ಲಿ ಕೂತು ಬರೆಯುವವರು ಮೇಷ್ಟ್ರು, ನಾವಲ್ಲ. ಅವರಿಗೆ ಬೇಕಾಗಿರುವುದು ನುಡಿಯ ಥರವೇ ಟೈಪ್ ಆಗುವ ಕೀಲಿಮಣೆ. ಡೆಬಿಯನ್‌ನಲ್ಲಿ ಬೇರೆ ಬೇರೆ ಭಾಷೆಯ ಟೈಪಿಂಗ್‌ಗೆ ಇರುವ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿದರೆ ಕನ್ನಡದ ಕೆಳಗೆ ಕೆಜಿಪಿ ಅಂತ ಸಿಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಇರುವ ಅದೇ ವಿನ್ಯಾಸ. ಒತ್ತಕ್ಷರಕ್ಕೆ ಎಫ್ ಕೀಲಿ, ಅಂದರೆ ಅಕ್ಕ ಅಂತ ಬರೆಯಲು ಎ, ಕೆ, ಎಫ್, ಕೆ. ಫಾಂಟ್‌ಗೆ ಗುಬ್ಬಿ, ನವಿಲು, ಲೋಹಿತ್ ಮೂರೂ ಪ್ಯಾಕೇಜ್‌ನಲ್ಲೇ ಇವೆ.

ಸಾಗರದವಳು

ಭಾನುವಾರ ಕೂತು ಹಾಕಿದೆ, ಎಲ್ಲಾ ಆಯಿತು! ವೈಫೈ ಸೇರಿ. ಅಪ್ಪ ಕೂತವರೇ ಮೊದಲು ಟೈಪ್ ಮಾಡಿದ್ದು "ಇಕ್ಕೇರಿ". ಎಫ್ ಒತ್ತಿದಾಗ ಕ ಕೆಳಗೆ ಒತ್ತು ಬಂದಿದ್ದು ನೋಡಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ತುಂಬಾ ಥ್ಯಾಂಕ್ಸ್ ನಿಮಗೆಲ್ಲ.

ಒಂದೇ ತೊಂದರೆ. ಅವರ ಹಳೆಯ ಫೈಲ್ ತೆರೆದರೆ "ಕನ್ನಡ" ಅಂತ ಇರಬೇಕಾದ ಕಡೆ ಇಂಗ್ಲಿಷ್ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ ಬರುತ್ತಿದೆ. ಹಾಳಾಯಿತಾ?

ಕರ್ನಲ್ ಕಟ್ಟೆ

ಹಾಳಾಗಿಲ್ಲ, ಗಾಬರಿ ಬೇಡ. ಹಳೆಯ ನುಡಿ ಫೈಲ್‌ಗಳು ಆಸ್ಕಿಯಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿ ಇರುತ್ತವೆ, ನುಡಿಯ ಫಾಂಟ್ ಇದ್ದಾಗ ಮಾತ್ರ ಕನ್ನಡವಾಗಿ ಕಾಣುತ್ತವೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ. ಮೂಲ ಫೈಲ್‌ಗಳನ್ನು ಮೊದಲು ಪೆನ್‌ಡ್ರೈವ್‌ಗೆ ಹಾಕಿಡಿ. ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಅಪ್ಪನ ಹತ್ತಿರವೇ ಒಮ್ಮೆ ಓದಿಸಿ, ತಪ್ಪು ಜಾಸ್ತಿ ಆಗುವುದು ಅಲ್ಲೇ.