ನರ್ಸಿಂಗ್ ಹೋಮ್ ಆಂಬುಡ್ಸ್‌ಮನ್ ವಾಲಂಟಿಯರ್ ಕೆಲಸ: ಯಾರಾದರೂ ಮಾಡಿದ್ದೀರಾ?

ಸಾಗರದವಳು:
ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಕೆಲಸದಿಂದ ರಿಟೈರ್ ಆಗಿದ್ದೇನೆ. ಮೊಮ್ಮಕ್ಕಳು ಸ್ಕೂಲಿಗೆ ಹೋದ ಮೇಲೆ ಹೊತ್ತೇ ಹೋಗುವುದಿಲ್ಲ. ಲಾಂಗ್ ಟರ್ಮ್ ಕೇರ್ ಆಂಬುಡ್ಸ್‌ಮನ್ ವಾಲಂಟಿಯರ್ ಬೇಕು ಅಂತ ಲೈಬ್ರರಿಯಲ್ಲಿ ಒಂದು ಚೀಟಿ ಅಂಟಿಸಿದ್ದರು. ನರ್ಸಿಂಗ್ ಹೋಮ್‌ನಲ್ಲಿರುವವರ ಪರವಾಗಿ ಮಾತಾಡುವುದಂತೆ (ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮ ಕಡೆಯ ಆಸ್ಪತ್ರೆ ಅಲ್ಲ, ವಯಸ್ಸಾದವರು, ಕಾಯಿಲೆಯವರು ಉಳಿದುಕೊಂಡು ಆರೈಕೆ ಪಡೆಯುವ ಜಾಗ). ನನಗೆ ನರ್ಸಿಂಗ್ ಗೊತ್ತಿಲ್ಲ, ಕಾನೂನೂ ಗೊತ್ತಿಲ್ಲ, ಜಗಳ ಆಡುವುದಕ್ಕಂತೂ ಬರುವುದೇ ಇಲ್ಲ. ನಮ್ಮಂಥವರಿಗೆ ಆಗುವ ಕೆಲಸವಾ?

ಮಂಡ್ಯ_ಟು_ಸ್ಯಾನ್‌ಹೊಸೆ:
ಧಾರಾಳವಾಗಿ ಆಗುತ್ತದೆ ಅಕ್ಕಾ. ನಾನು ಇದನ್ನೇ ಮಾಡುತ್ತಿದ್ದೇನೆ. ಮೊದಲು ಬೆರಳಚ್ಚು ತಗೊಂಡು ನಿಮ್ಮ ಹಿನ್ನೆಲೆ ನೋಡುತ್ತಾರೆ. ಆಮೇಲೆ ನಮ್ಮ ರಾಜ್ಯದಲ್ಲಿ ಕನಿಷ್ಠ 36 ಗಂಟೆ ಟ್ರೈನಿಂಗ್. ಕಾನೂನು ಎಷ್ಟು ಬೇಕೋ ಅಷ್ಟು ಅಲ್ಲೇ ಕಲಿಸುತ್ತಾರೆ. ಸರ್ಟಿಫಿಕೇಟ್ ಬಂದ ಮೇಲೆ ಮುಂಚೆ ಹೇಳದೆಯೇ ಹೋಮ್‌ಗೆ ಹೋಗಬಹುದು.

ಕೆಲಸ ಜಾಸ್ತಿ ಕಣ್ಣು ಕಿವಿಯದು. ರೂಮಿಗೆ ಕಾಲಿಟ್ಟ ಕೂಡಲೇ ನಾನು ನೋಡುವುದು ನರ್ಸ್ ಕರೆಯುವ ಬಟನ್ ಎಲ್ಲಿದೆ ಅಂತ. ಸ್ಟ್ರೋಕ್ ಆದ ಒಬ್ಬರಿಗೆ ಬಲಗೈ ಆಡುತ್ತಿರಲಿಲ್ಲ. ಬಟನ್ ವೈರನ್ನು ಮಂಚದ ಬಲಗಡೆ ಕಂಬಿಗೇ ಸುತ್ತಿದ್ದರು! ಹೇಳಲಾ ಅಂತ ಅವರನ್ನು ಕೇಳಿ, ಎಡಗಡೆ ಕಟ್ಟಿಸಿ, ಅವರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಬರೆದಿಡುವ ಕೇರ್ ಪ್ಲಾನ್‌ನಲ್ಲೂ ಬರೆಸಿದೆ. ಇದರಲ್ಲಿ ಜಗಳ ಎಲ್ಲಿ ಬಂತು ಹೇಳಿ.

ನಮ್ಮವರಿಗೆ ಕಷ್ಟವಾಗುವುದು ಬೇರೆ. ನೀವು ಹೋಮ್‌ನವರ ಪರ ಅಲ್ಲ ಸರಿ, ಆದರೆ ಮಗ ಸೊಸೆಯ ಪರವೂ ಅಲ್ಲ. ಅಲ್ಲಿರುವವರು ಏನು ಬೇಕು ಅನ್ನುತ್ತಾರೋ ಅದರ ಪರ. ಶುಗರ್ ಇದ್ದ ಒಬ್ಬರು ಭಾನುವಾರ ಐಸ್‌ಕ್ರೀಂ ಬೇಕು ಅಂದರು. ಕೊಡಲೇಬೇಡಿ ಅಂತ ಮಗ ಹೇಳಿ ಹೋಗಿದ್ದ. ಅವರ ತಲೆ ಚುರುಕಾಗಿತ್ತು, ಏನಾಗಬಹುದು ಅಂತ ಗೊತ್ತಿದ್ದೇ ಕೇಳುತ್ತಿದ್ದರು. ತನ್ನ ಆರೈಕೆಯಲ್ಲಿ ತನ್ನ ಮಾತು ನಡೆಯಬೇಕು ಅನ್ನುವ ಹಕ್ಕನ್ನು 1987ರ ಫೆಡರಲ್ ಕಾನೂನೇ ಕೊಟ್ಟಿದೆ. ಅವರ ಆರೈಕೆ ಬಗ್ಗೆ ನಡೆದ ಮೀಟಿಂಗ್‌ನಲ್ಲಿ ನಾನು ಅವರ ಪಕ್ಕ ಕೂತೆ. ಮಗನಿಗೆ ಸಿಟ್ಟು ಬಂತು. ಬರಲಿ ಬಿಡಿ.

ಇನ್ನೊಂದು, ಅಲ್ಲಿರುವವರು ಬೇಡ ಅಂದರೆ ದೂರನ್ನು ಮುಂದಕ್ಕೆ ಒಯ್ಯುವ ಹಾಗಿಲ್ಲ. “ನೀನು ಹೋದ ಮೇಲೆ ನನ್ನ ಡೈಪರ್ ಬದಲಿಸುವವರು ಇವರೇ ತಾನೇ?” ಅಂತ ಒಬ್ಬ ಅಜ್ಜಿ ಕೇಳಿದ್ದರು. ಏನು ಹೇಳುತ್ತೀರಿ ಇದಕ್ಕೆ? ಸುಮ್ನೆ ಹೋಗಿ ಬಂದು ಮಾಡುತ್ತಿರಬೇಕು, ನಂಬಿಕೆ ಬರುವವರೆಗೆ. ದಂಡ ಹಾಕುವ ಅಧಿಕಾರವೂ ನಮಗಿಲ್ಲ, ಅದು ಲೈಸೆನ್ಸ್ ಕೊಡುವ ಇಲಾಖೆಯ ಕೆಲಸ.

ಎಡಿಸನ್_ಸೊಸೆ:
ನಾನು ನ್ಯೂಜೆರ್ಸಿ. ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ದುಡ್ಡು ನಿಂತಿದೆ, ಶುಕ್ರವಾರ ಕರ್ಕೊಂಡು ಹೋಗಿ ಅಂತ ನಮ್ಮ ಅತ್ತೆ ಇದ್ದ ಹೋಮ್‌ನವರು ಬಾಯಲ್ಲೇ ಹೇಳಿದರು. ಗೋಡೆ ಮೇಲಿದ್ದ ಆಂಬುಡ್ಸ್‌ಮನ್ ನಂಬರಿಗೆ ಫೋನ್ ಮಾಡಿದೆವು. ಹೀಗೆ ಹೊರಗೆ ಹಾಕುವಾಗ ಸಾಮಾನ್ಯವಾಗಿ 30 ದಿನ ಮೊದಲೇ ಕಾಗದದಲ್ಲಿ ನೋಟಿಸ್ ಕೊಡಬೇಕು, ಅದರ ಮೇಲೆ ಅಪೀಲು ಹೋಗಬಹುದು ಅಂತ ಗೊತ್ತಾಗಿದ್ದೇ ಆಗ. ಶುಕ್ರವಾರದ ಮಾತು ಮತ್ತೆ ಬರಲಿಲ್ಲ. ಅತ್ತೆಗೆ ಕನ್ನಡ ಬಿಟ್ಟು ಬೇರೇನೂ ಬರಲ್ಲ. ಆಂಬುಡ್ಸ್‌ಮನ್ ಕಡೆಯವರು ಫೋನಿನಲ್ಲಿ ದುಭಾಷಿ ಇಟ್ಟುಕೊಂಡೇ ಅವರ ಜೊತೆ ಮಾತಾಡಿದರು. ಫ್ರೀಮಾಂಟ್ ಕಡೆ ನಿಮ್ಮಂಥವರು ಬೇಕು, ಸೇರಿಬಿಡಿ.

ಸಾಗರದವಳು:
ಥ್ಯಾಂಕ್ಸ್ ಇಬ್ಬರಿಗೂ. ಒಂದು ಅನುಮಾನ. ನನ್ನ ಸೊಸೆ ಇಲ್ಲೇ ಒಂದು ಹೋಮ್‌ನಲ್ಲಿ ಫಿಸಿಕಲ್ ಥೆರಪಿಸ್ಟ್. ತೊಂದರೆ ಆಗುತ್ತಾ?

ಮಂಡ್ಯ_ಟು_ಸ್ಯಾನ್‌ಹೊಸೆ:
ಅರ್ಜಿಯಲ್ಲೇ ಬರೆದುಬಿಡಿ, ಮುಚ್ಚಿಡಬೇಡಿ. ಇದನ್ನು ಅವರು ಕೇಳಿಯೇ ಕೇಳುತ್ತಾರೆ, ಏನು ಮಾಡಬೇಕು ಅಂತ ನಿಮ್ಮ ಕೌಂಟಿ ಆಫೀಸಿನವರೇ ನೋಡಿ ಹೇಳುತ್ತಾರೆ. ಮತ್ತೆ ಮೆತ್ತನೆ ಶೂ ತಗೊಳ್ಳಿ ಅಕ್ಕಾ, ಈ ಹೋಮ್‌ಗಳ ಕಾರಿಡಾರ್ ಮುಗಿಯುವುದೇ ಇಲ್ಲ.