24 ವರ್ಷ, ಹಾಡ್ಜ್‌ಕಿನ್ ಲಿಂಫೋಮಾ. ಸೈಟ್ ಮಾರದೆ ಚಿಕಿತ್ಸೆ ಮಾಡಿಸೋಕೆ ಆಗುತ್ತಾ?

ಭಟ್ಟಿ ಮನೆ ಹುಡುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಇಲ್ಲೇ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೆಲಸ ಮಾಡುತ್ತೇನೆ, ಮೂರು ವರ್ಷ ಆಯ್ತು. ಸಂಬಳ 16 ಸಾವಿರ. ಪಿಎಫ್, ಇಎಸ್‌ಐ ಎಲ್ಲ ಹಿಡಿದು ಕೈಗೆ 14 ಸಾವಿರ ಚಿಲ್ಲರೆ ಬರುತ್ತೆ. ಅಪ್ಪಾಜಿದು ಮಂಡಕ್ಕಿ ಭಟ್ಟಿ. ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ.

ಕುತ್ತಿಗೆಯ ಎಡಗಡೆ ಗಂಟು ಬಂದಿತ್ತು. ನೋವಿರಲಿಲ್ಲ. ರಾತ್ರಿ ಬೆವರು ಬಂದು ದಿಂಬು ಒದ್ದೆಯಾಗುತ್ತಿತ್ತು. ಮೊದಲು ಟಿಬಿ ಗಂಟು ಇರಬಹುದು ಅಂದರು. ಆಮೇಲೆ ಬಯಾಪ್ಸಿ ಮಾಡಿಸಿದಾಗ ಹಾಡ್ಜ್‌ಕಿನ್ ಲಿಂಫೋಮಾ ಅಂತ ಬಂತು. ಎರಡನೇ ಸ್ಟೇಜ್. ವಾಸಿಯಾಗುವ ಕ್ಯಾನ್ಸರ್, ಧೈರ್ಯವಾಗಿರು ಅಂತ ಡಾಕ್ಟರ್ ಹೇಳಿದ್ದಾರೆ. ಆರು ಸೈಕಲ್ ಕಿಮೋ, 15 ದಿನಕ್ಕೊಮ್ಮೆ ಕೊಡಬೇಕಂತೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಎಲ್ಲ ಸೇರಿ 4 ಲಕ್ಷದ ಹತ್ತಿರ ಆಗುತ್ತೆ ಅಂದರು. ಸೋಮವಾರ 60 ಸಾವಿರ ಅಡ್ವಾನ್ಸ್ ಕಟ್ಟಬೇಕು.

ನಮ್ಮದು ಮೊದಲು ಬಿಪಿಎಲ್ ಕಾರ್ಡ್ ಇತ್ತು. ತಮ್ಮನ ಓದಿಗೆ ಸಾಲ ಬೇಕು ಅಂತ ಅಪ್ಪಾಜಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ತುಂಬಿದರು. ಅದಾದ ಮೇಲೆ ಕಾರ್ಡ್ ಎಪಿಎಲ್ ಆಯ್ತು. ಎಪಿಎಲ್‌ನವರಿಗೆ ಸರ್ಕಾರದಿಂದ ಏನೂ ಸಿಗಲ್ಲ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಆಸ್ತಿ ಅಂತ ನಮಗಿರೋದು 30-40ರ ಒಂದು ಸೈಟ್. ಅಪ್ಪಾಜಿ ಇಪ್ಪತ್ತು ವರ್ಷ ಭಟ್ಟಿ ಬೆಂಕಿ ಮುಂದೆ ಕೂತು ತಗೊಂಡಿದ್ದು. ಈಗಲೇ ಮಾರುತ್ತೇನೆ ಅಂತ ಬ್ರೋಕರ್ ಹತ್ತಿರ ಮಾತಾಡಿ ಬಂದಿದ್ದಾರೆ. ಅವಸರದಲ್ಲಿದ್ದಾರೆ ಅಂತ ಗೊತ್ತಾಗಿ ಅವನು ಅರ್ಧ ರೇಟು ಹೇಳುತ್ತಿದ್ದಾನೆ. ಅದು ಬೇಡ ಅಂದರೆ ಮೀಟರ್ ಬಡ್ಡಿಗೆ ತರುತ್ತೇನೆ ಅಂತಾರೆ. ನನಗೆ ಕಾಯಿಲೆಗಿಂತ ಇದೇ ಜಾಸ್ತಿ ಸಂಕಟ ಆಗ್ತಿದೆ.

ಅಂಗಡಿ ಯಜಮಾನರು ಒಳ್ಳೆಯವರೇ. "ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟು ಮನೇಲಿ ಆರಾಮಾಗಿರಮ್ಮ, ವಾಸಿಯಾದ ಮೇಲೆ ಮತ್ತೆ ಬಾ" ಅಂದಿದ್ದಾರೆ. ನಾಳೆ ಕೊಡೋಣ ಅಂತಿದ್ದೇನೆ.

ಎರಡು ತಿಂಗಳು ತಡೆದು ದುಡ್ಡು ಹೊಂದಿಸಿಕೊಂಡು ಆಮೇಲೆ ಕಿಮೋ ಶುರು ಮಾಡಿದರೆ ತೊಂದರೆ ಇದೆಯಾ? ಈ ವಯಸ್ಸಿನಲ್ಲಿ ಇದನ್ನು ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಚಳ್ಳಕೆರೆಯವನು

ತಂಗಿ, ನನಗೂ ಇದೇ ಕಾಯಿಲೆ ಬಂದಿತ್ತು. ಆಗ ನನಗೆ 22, ದುರ್ಗದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಅಪ್ಪ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೂಲಿ. ಈಗ ನನಗೆ 30, ಕೆಲಸದಲ್ಲಿದ್ದೇನೆ, ಮದುವೆನೂ ಆಗಿದೆ. ಇದನ್ನು ಮೊದಲು ಹೇಳಿದ್ದು ನೀನು ಸ್ವಲ್ಪ ಉಸಿರಾಡಲಿ ಅಂತ.

ಎರಡು ತಿಂಗಳು ತಡೆಯೋದು ಬೇಡವೇ ಬೇಡ. ಕಾಗದ ಪತ್ರ ಮಾಡಿಸೋಕೆ ಒಂದು ವಾರ ಟೈಮ್ ಇದೆಯಾ ಅಂತ ನಿನ್ನ ಡಾಕ್ಟರನ್ನೇ ನೇರವಾಗಿ ಕೇಳು. ಆ ವಾರ ಸಿಕ್ಕರೆ ಅದರಲ್ಲಿ ಮಾಡಬೇಕಾದ್ದು ಬಹಳ ಇದೆ.

ಸೋಮವಾರ ಆ 60 ಸಾವಿರ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳು: "ಈ ಆಸ್ಪತ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇದೆಯಾ, ಕ್ಯಾನ್ಸರ್ ಕಿಮೋಗೆ ಇದೆಯಾ?" ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅವರನ್ನು ಹುಡುಕು. ಇದರಲ್ಲಿ ಚಿಕಿತ್ಸೆಗೆ ಮುಂಚೆ ಮಂಜೂರಾತಿ ಆಗಬೇಕು. ನೀನು ಕೈಯಿಂದ ಕಟ್ಟಿಬಿಟ್ಟರೆ ಆ ದುಡ್ಡು ಯೋಜನೆಯಿಂದ ವಾಪಸ್ ಬರುತ್ತೆ ಅಂತ ನಂಬಬೇಡ. ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದರು, ಮೊಮ್ಮಗನಿಗೆ ಅಂತ ಎರಡು ಎಮ್ಮೆ ಮಾರಿ ಬೇರೆ ಕಡೆ ಮೂರು ಡೋಸ್ ಕೊಡಿಸಿ ಬಂದಿದ್ದರು. ಕಾರ್ಡ್ ಅವರ ಜೇಬಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಎಪಿಎಲ್‌ಗೆ ಏನೂ ಸಿಗಲ್ಲ ಅನ್ನೋದು ತಪ್ಪು. ಬಿಪಿಎಲ್‌ನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಇದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತೆ, ನಿಮ್ಮೂರಲ್ಲಾದರೆ ಚಿಗಟೇರಿ ಆಸ್ಪತ್ರೆಗೆ ಹೋಗು. ಬಯಾಪ್ಸಿ ರಿಪೋರ್ಟ್, ಆಧಾರ್, ರೇಷನ್ ಕಾರ್ಡ್ ಇಟ್ಟುಕೊಂಡು ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು.

ಇನ್ನೊಂದು ದಾರಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ನಾನು ತೋರಿಸಿದ್ದು ಅಲ್ಲೇ. ಸರ್ಕಾರಿ ಸಂಸ್ಥೆ, ದರ ಕಡಿಮೆ. ಜನ ಜಾಸ್ತಿ, ಕಾಯಬೇಕು, ಒಂದೊಂದು ಸಲ ಇಡೀ ದಿನ ಹೋಗುತ್ತೆ. ಆದರೆ ಹಾಡ್ಜ್‌ಕಿನ್ ಕೇಸುಗಳನ್ನು ಅವರು ದಿನಾ ನೋಡುತ್ತಾರೆ. ನಿನಗೆ ಕೊಡೋದು ಬಹುಶಃ ಎಬಿವಿಡಿ ಅನ್ನೋ ನಾಲ್ಕು ಔಷಧಿ. ಎಲ್ಲವೂ ಹಳೇ ಔಷಧಿಗಳು, ಪೇಟೆಂಟ್ ಮುಗಿದು ಎಷ್ಟೋ ಕಾಲವಾಗಿದೆ. ಹಾಗಾಗಿ 4 ಲಕ್ಷದಲ್ಲಿ ಔಷಧಿಗೆ ಎಷ್ಟು, ಬೆಡ್ ಮತ್ತು ಬೇರೆ ಚಾರ್ಜಿಗೆ ಎಷ್ಟು ಅಂತ ಬಿಡಿಸಿ ಬರೆಸಿಕೋ. ಕೇಳೋಕೆ ಸಂಕೋಚ ಬೇಡ. ಎರಡು ಸೈಕಲ್ ಆದ ಮೇಲೆ ಸಾಮಾನ್ಯವಾಗಿ ಪೆಟ್ ಸ್ಕ್ಯಾನ್ ಮಾಡಿ ನೋಡುತ್ತಾರೆ. ಚೆನ್ನಾಗಿ ಕರಗಿದ್ದರೆ ಮುಂದಿನ ಪ್ಲಾನ್ ಬದಲಾಗಬಹುದು. ಆದ್ದರಿಂದ ಆರೂ ಸೈಕಲ್ಲಿನ ದುಡ್ಡು ಇವತ್ತೇ ಕೈಯಲ್ಲಿ ಇರಬೇಕು ಅಂತಿಲ್ಲ ಅಂತ ಅಪ್ಪಾಜಿಗೆ ಹೇಳು.

ಬೆಂಗಳೂರಿಗೆ ಓಡಾಡೋದಾದರೆ ರೈಲೇ ಸರಿ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿ ಬರೋಕೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಬರುವವರಿಗೆ ಶೇ. 75. ಆಸ್ಪತ್ರೆಯವರು ಫಾರಂ ತುಂಬಿ ಸೀಲ್ ಹಾಕಿ ಕೊಡುತ್ತಾರೆ, ಅದನ್ನು ಸ್ಟೇಷನ್ ಕೌಂಟರ್‌ನಲ್ಲಿ ಕೊಟ್ಟು ಟಿಕೆಟ್ ಮಾಡಿಸಬೇಕು. ದಾವಣಗೆರೆಯಿಂದ ನೇರ ರೈಲು ಇದೆ, ನೀವು ಪುಣ್ಯವಂತರು. ನಾವು ಚಳ್ಳಕೆರೆಯಿಂದ ಬಸ್ಸಿನಲ್ಲೇ ಹೋಗುತ್ತಿದ್ದೆವು. ಬರುವಾಗ ಹಿರಿಯೂರು ದಾಟುವಷ್ಟರಲ್ಲಿ ನನಗೆ ವಾಂತಿ ಶುರುವಾಗೋದು. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ, ಉಳಿಯೋಕೆ ವಿಚಾರಿಸಿ. 2025ರಿಂದ ರಾಜ್ಯದ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲೇ ಡೇ ಕೇರ್ ಕಿಮೋ ಕೊಡುತ್ತಿದ್ದಾರೆ. ಪ್ಲಾನ್ ಕಿದ್ವಾಯಿಯಲ್ಲಿ ಮಾಡಿಸಿ ಡೋಸ್ ಊರಿನ ಹತ್ತಿರ ತಗೊಳ್ಳೋಕೆ ಆಗುತ್ತಾ ಅಂತಲೂ ಕೇಳು. 15 ದಿನಕ್ಕೊಮ್ಮೆ 260 ಕಿಲೋಮೀಟರ್ ಹೋಗಿ ಬರೋದು ಅಂದರೆ ಅಪ್ಪಾಜಿಯ ಭಟ್ಟಿನೂ ಅಷ್ಟು ದಿನ ನಿಲ್ಲುತ್ತೆ, ಅಲ್ವಾ.

ಬಿಲ್ಲಿನ ವಿಷಯ ಒಂದು ಹೇಳಲೇಬೇಕು. ಮೆಡಿಕಲ್ ಶಾಪ್‌ನವರು ಕೊಡುವ ನುಣುಪು ಕಾಗದದ ಬಿಲ್ಲು ಇದೆಯಲ್ಲ, ಕೆಲವು ತಿಂಗಳಲ್ಲಿ ಅಕ್ಷರ ಅಳಿಸಿ ಬಿಳಿ ಹಾಳೆ ಆಗಿಬಿಡುತ್ತೆ. ಪ್ಲಾಸ್ಟಿಕ್ ಕವರಿಗೆ ಅಂಟಿಕೊಂಡಿದ್ದರೆ ಇನ್ನೂ ಬೇಗ. ತಗೊಂಡ ದಿನವೇ ಜೆರಾಕ್ಸ್ ಮಾಡಿಸಿ ಒರಿಜಿನಲ್ ಹಿಂದೆ ಪಿನ್ ಹೊಡಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವಾಗ ಒರಿಜಿನಲ್ ಬಿಲ್, ಡಿಸ್ಚಾರ್ಜ್ ಸಮ್ಮರಿ, ಪಾಸ್‌ಬುಕ್ ಎಲ್ಲ ಕೇಳುತ್ತಾರೆ. ನಿಮ್ಮ ಶಾಸಕರ ಕಚೇರಿಗೆ ಹೋದರೆ ಪತ್ರ ಕೊಟ್ಟು ಕಳಿಸುತ್ತಾರೆ. ಎಷ್ಟು ಕೊಡುತ್ತಾರೋ ಅದು ಅವರಿಗೆ ಬಿಟ್ಟಿದ್ದು, ಅದನ್ನೇ ನಂಬಿ ಕೂರಬಾರದು.

ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೋ. ಕಿಮೋ ನಡೆಯುವಾಗ 100.4 ದಾಟಿದರೆ ರಾತ್ರಿ ಎಷ್ಟೊತ್ತಾದರೂ ಸರಿ, ಆಸ್ಪತ್ರೆಗೆ ಹೋಗು. ಬೆಳಿಗ್ಗೆ ನೋಡೋಣ ಅನ್ನಬಾರದು. ಬಿಳಿ ರಕ್ತಕಣ ಇಳಿದಿರುವಾಗ ಸೋಂಕು ಬಹಳ ಬೇಗ ಏರುತ್ತೆ. ಲೆಕ್ಕಕ್ಕೇ ಇಲ್ಲದ ಖರ್ಚು ಬರೋದೂ ಇಲ್ಲೇ. ಅದಕ್ಕೆ ಅಂತ ಸ್ವಲ್ಪ ದುಡ್ಡನ್ನು ಬೇರೆ ಇಡಿ, ಯಾವ ಕಾರಣಕ್ಕೂ ಮುಟ್ಟಬೇಡಿ.

ಲೆಕ್ಕದ ಅಕ್ಕ, ವಿದ್ಯಾನಗರ

ಅಮ್ಮಾ, ದಯವಿಟ್ಟು ನಾಳೆ ರಾಜೀನಾಮೆ ಕೊಡಬೇಡ. ಇದನ್ನು ಓದಿದ ತಕ್ಷಣ ಆ ಪತ್ರ ಹರಿದು ಹಾಕು.

ನಾನು ಅಂಗಡಿ, ಮಿಲ್ಲುಗಳ ಪಿಎಫ್, ಇಎಸ್‌ಐ ಲೆಕ್ಕ ನೋಡುವವಳು. ನೀನು ಬರೆದಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಅಂದರೆ ಸಂಬಳದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಹಿಡಿಯುತ್ತಾರೆ ಅನ್ನೋದು. ನಿನ್ನ ಸಂಬಳದ ಶೇ. 0.75 ನೀನು ಕಟ್ಟುತ್ತೀಯ, ಶೇ. 3.25 ಯಜಮಾನರು ಕಟ್ಟುತ್ತಾರೆ. 16 ಸಾವಿರಕ್ಕೆ ನಿನ್ನದು ತಿಂಗಳಿಗೆ 120 ರೂಪಾಯಿ. ಆ 120 ರೂಪಾಯಿಯ ಬೆಲೆ ಈಗ ಗೊತ್ತಾಗೋದು. ವಿಮೆ ಇರುವ ಕಾರ್ಮಿಕರ ಚಿಕಿತ್ಸೆಗೆ ಇಎಸ್‌ಐನಲ್ಲಿ ಇಷ್ಟೇ ಲಕ್ಷ ಅನ್ನೋ ಮಿತಿ ಇಲ್ಲ. ಬಿಪಿಎಲ್, ಎಪಿಎಲ್ ಕೇಳೋದೂ ಇಲ್ಲ. ದಾವಣಗೆರೆಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಅಲ್ಲಿಂದ ರೆಫರ್ ಮಾಡಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು. ರೆಫರಲ್ ಇಲ್ಲದೆ ನೀನಾಗಿ ಹೋಗಿ ಕಟ್ಟಿದರೆ ಆಮೇಲೆ ವಾಪಸ್ ತಗೊಳ್ಳೋದು ಬಹಳ ಕಷ್ಟ. ಚಳ್ಳಕೆರೆ ತಮ್ಮ ಹೇಳಿದ ಮಾತು ಇಲ್ಲೂ ಅಷ್ಟೇ ನಿಜ, ಕಟ್ಟೋ ಮೊದಲು ಕೇಳಬೇಕು.

ರಜೆಯಲ್ಲಿದ್ದಾಗ ಸಂಬಳ ನಿಂತರೆ ಸಿಕ್‌ನೆಸ್ ಬೆನಿಫಿಟ್ ಇದೆ. ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70. ಕ್ಯಾನ್ಸರ್ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದೆ, ಹಾಗಾಗಿ ಅದಾದ ಮೇಲೂ ಶೇ. 80ರಂತೆ ಗರಿಷ್ಠ ಎರಡು ವರ್ಷದವರೆಗೆ ಸಿಗಬಹುದು. ಅದಕ್ಕೆ ಎರಡು ವರ್ಷ ಕೆಲಸದಲ್ಲಿರಬೇಕು, ಹಿಂದಿನ ನಾಲ್ಕು ವಂತಿಗೆ ಅವಧಿಯಲ್ಲಿ (ಆರಾರು ತಿಂಗಳಿಗೆ ಒಂದು ಅವಧಿ) ಕನಿಷ್ಠ 156 ದಿನದ ವಂತಿಗೆ ಆಗಿರಬೇಕು. ನಿನಗೆ ಮೂರು ವರ್ಷ ಆಗಿದೆ. ಯಜಮಾನರು ಸರಿಯಾಗಿ ಕಟ್ಟಿದ್ದಾರಾ ಅಂತ ನೋಡಿಕೋ. ಆ ಬೆನಿಫಿಟ್ ತಗೊಳ್ಳುವ ಅವಧಿಯಲ್ಲಿ ನಿನ್ನನ್ನು ಕೆಲಸದಿಂದ ತೆಗೆಯೋಕೂ ಕಾನೂನು ಬಿಡಲ್ಲ. ಆದರೆ ನೀನೇ ಬರೆದುಕೊಟ್ಟು ಹೊರಗೆ ಬಂದರೆ ಯಾರು ಏನು ಮಾಡೋಕೆ ಆಗುತ್ತೆ? ಯಜಮಾನರು ಪ್ರೀತಿಯಿಂದಲೇ ಹೇಳಿದ್ದಾರೆ, ಅವರಿಗೂ ಇದು ಗೊತ್ತಿರಲಿಕ್ಕಿಲ್ಲ. "ರಾಜೀನಾಮೆ ಬೇಡ ಸರ್, ರಜೆ ಕೊಡಿ" ಅನ್ನು. ಪಿಎಫ್‌ನಿಂದ ಕಾಯಿಲೆಗೆ ಅಂತ ಮುಂಗಡ ತೆಗೆಯೋಕೂ ಅವಕಾಶ ಇದೆ. ಅದು ಕೈಖರ್ಚಿಗೆ ಆಗುತ್ತೆ.

ಹರಿಹರದ ಟೀಚರ್

ಮಗಳೇ, ಮೀಟರ್ ಬಡ್ಡಿ ಮಾತ್ರ ಮನೆ ಹೊಸ್ತಿಲು ದಾಟಿಸಬೇಡಿ. ಮನೆಯಲ್ಲಿ ಎರಡೆಳೆ ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಅಡವಿಡಿ. ನಿನ್ನ ಮದುವೆಗೆ ಅಂತ ಇಟ್ಟಿದ್ದು ಅಂತ ಅಮ್ಮ ಅಳಬಹುದು. ಬಂಗಾರ ಬಿಡಿಸಿಕೊಳ್ಳಬಹುದು, ಸೈಟ್ ಹೋದರೆ ಹೋಯ್ತು.

ನನ್ನ ತಂಗಿಯ ಮಗಳಿಗೂ ಕಿಮೋ ಆಗಿತ್ತು. ಶುರು ಮಾಡುವ ಮೊದಲು, ಮುಂದೆ ಮಕ್ಕಳಾಗೋಕೆ ತೊಂದರೆ ಆಗುತ್ತಾ, ಈಗಲೇ ಏನಾದರೂ ಮಾಡಬೇಕಾ ಅಂತ ಡಾಕ್ಟರ್ ಹತ್ತಿರ ಕೇಳು. ಈ ಔಷಧಿಗಳಲ್ಲಿ ಆ ಅಪಾಯ ಕಡಿಮೆ ಅಂತಾರೆ, ಆದರೂ ಕೇಳು. ಅಪ್ಪಾಜಿ ಮುಂದೆ ನಾಚಿಕೆ ಅನ್ನಿಸಿದರೆ ಅಮ್ಮನನ್ನು ಕರೆದುಕೊಂಡು ಒಳಗೆ ಹೋಗು.

ಭಟ್ಟಿ ಮನೆ ಹುಡುಗಿ, ದಾವಣಗೆರೆ

ಎಲ್ಲರ ಉತ್ತರವನ್ನೂ ಅಪ್ಪಾಜಿಗೆ ಓದಿ ಹೇಳಿದೆ. ಭಟ್ಟಿ ಮುಗಿಸಿ ಆಗಷ್ಟೇ ಬಂದಿದ್ದರು, ತಲೆ ಮೇಲೆಲ್ಲ ಹೊಟ್ಟಿನ ಬೂದಿ. ಸ್ನಾನಕ್ಕೂ ಹೋಗದೆ ಕೂತು ಪೂರ್ತಿ ಕೇಳಿದರು. ಇಎಸ್‌ಐದು ಎರಡು ಸಲ ಓದಿಸಿದರು. ಬ್ರೋಕರ್‌ಗೆ ಫೋನ್ ಮಾಡಿ ಸದ್ಯ ಬೇಡ ಅಂದಿದ್ದಾರೆ.

ಯಜಮಾನರ ಹತ್ತಿರ ಮಾತಾಡಿದೆ. ರಜೆ ಕೊಡುತ್ತೇನೆ ಅಂದರು. ಡಾಕ್ಟರ್ ಒಂದು ವಾರ ಪರವಾಗಿಲ್ಲ, ಅದಕ್ಕಿಂತ ಮುಂದೆ ಹಾಕಬೇಡ ಅಂದಿದ್ದಾರೆ. ಚಳ್ಳಕೆರೆ ಅಣ್ಣ, ಬಿಲ್ಲುಗಳನ್ನು ತೆಗೆದು ನೋಡಿದೆ. ಮೊದಲ ಸ್ಕ್ಯಾನ್ ದಿನ ತಗೊಂಡ ಔಷಧಿ ಬಿಲ್ಲು ಆಗಲೇ ಅರ್ಧ ಮಾಸಿದೆ. ಎಲ್ಲ ಜೆರಾಕ್ಸ್ ಮಾಡಿಸಿದೆ.

ಅಕ್ಕಾ, ನನ್ನ ಹತ್ತಿರ ಇಎಸ್‌ಐ ಕಾರ್ಡ್ ಇಲ್ಲ. ಯಾರೂ ಕೊಟ್ಟೇ ಇಲ್ಲ. ಸೋಮವಾರ ಹೋದರೆ ನೋಡುತ್ತಾರಾ?

ಲೆಕ್ಕದ ಅಕ್ಕ, ವಿದ್ಯಾನಗರ

ಕಾರ್ಡ್ ಇಲ್ಲದಿದ್ದರೂ ನಂಬರ್ ಇದ್ದೇ ಇರುತ್ತೆ. ಪೇ ಸ್ಲಿಪ್‌ನಲ್ಲಿ ಐಪಿ ನಂಬರ್ ಅಂತ ಹತ್ತು ಅಂಕಿ ಇದೆಯಾ ನೋಡು. ಇಲ್ಲದಿದ್ದರೆ ಅಂಗಡಿಯ ಲೆಕ್ಕ ಬರೆಯುವವರ ಹತ್ತಿರ ಇರುತ್ತೆ. ಇ-ಪೆಹಚಾನ್ ಕಾರ್ಡ್ ಅಂತ ಅವರೇ ಇಎಸ್‌ಐ ವೆಬ್‌ಸೈಟಿನಿಂದ ಪ್ರಿಂಟ್ ತೆಗೆದು, ಸಹಿ ಮಾಡಿ, ಸೀಲ್ ಹಾಕಿ ಕೊಡುತ್ತಾರೆ. ಇವತ್ತೇ ಕೇಳು, ಭಾನುವಾರ ಅಂಗಡಿ ರಜೆ. ಅದರಲ್ಲಿ ನಿನ್ನ ಹೆಸರು, ಹುಟ್ಟಿದ ತಾರೀಕು ಆಧಾರ್‌ನಲ್ಲಿ ಇರೋ ಹಾಗೇ ಇದೆಯಾ ನೋಡಿಕೋ. ಒಂದಕ್ಷರ ಹೆಚ್ಚು ಕಡಿಮೆ ಇದ್ದರೂ ಕೌಂಟರ್‌ನಲ್ಲಿ ನಿಲ್ಲಿಸುತ್ತಾರೆ. ಬಯಾಪ್ಸಿ ರಿಪೋರ್ಟಿನ ಎರಡು ಜೆರಾಕ್ಸ್, ಎರಡು ಫೋಟೋ, ಆಧಾರ್ ತಗೊಂಡು ಹೋಗು. ರೆಫರಲ್ ಸಿಕ್ಕಿದ ಮೇಲೆ ಯಾವ ಆಸ್ಪತ್ರೆಗೆ ಬರೆದರು ಅಂತ ಇಲ್ಲಿ ಹಾಕು, ಮುಂದಿನದು ನೋಡೋಣ.